ವರ್ಷಕ್ಕೊಂದು ಐಬು

ನಾನು ವಾಲಿಬಾಲ್ ಆಡಲು ಹುಟ್ಟಿದವನಲ್ಲ. ಎರಡೂ ಕೈ ಎತ್ತಿ ಜಿಗಿದರೂ ನೆಟ್ಟಿನ ಮೇಲಂಚು ನನ್ನ ಬೆರಳಿಗೆ ಸಿಗುತ್ತಿರಲಿಲ್ಲ. ಆದರೂ ಗುಂಜಹಳ್ಳಿಯ ಶಾಲೆಯಲ್ಲಿ ಪಾಠ ಮುಗಿಸಿ ಸೈಕಲ್ ತುಳಿಯುತ್ತ ರಾಯಚೂರಿಗೆ ಮರಳಿದರೆ ಮನೆಗೆ ಹೋಗುವ ಮೊದಲು ಮೈದಾನಕ್ಕೆ ಹೋಗುತ್ತಿದ್ದೆ. ಆಟಗಾರರು ಆಡುತ್ತಿದ್ದರು, ನಾನು ಹೊರಗೆ ಹೋದ ಚೆಂಡು ಹೆಕ್ಕಿ ಕೊಡುತ್ತಿದ್ದೆ. ಮದುವೆಯಾಗಿದ್ದ, ಸರ್ಕಾರಿ ಸಂಬಳ ಎಣಿಸುತ್ತಿದ್ದ ಮಾಸ್ತರನೊಬ್ಬ ಚೆಂಡಿನ ಹಿಂದೆ ಓಡುವುದನ್ನು ನೋಡಿ ನಗುವವರು ನಗುತ್ತಿದ್ದರು.

ಎಪ್ಪತ್ತರ ದಶಕದ ಆರಂಭದ ಒಂದು ಭಾನುವಾರ, ಪಂದ್ಯಕ್ಕೆ ಬರಬೇಕಿದ್ದ ಅಂಪೈರ್ ಬರಲಿಲ್ಲ. ನೆಟ್ಟಿನ ಕಂಬದ ಪಕ್ಕ ಏಣಿಯಂಥ ಎತ್ತರದ ಕುರ್ಚಿಯ ಮೇಲೆ ಕೂತಿದ್ದ ರೆಫ್ರಿ ಸುತ್ತ ನೋಡಿ, ನನ್ನತ್ತ ಬೆರಳು ಮಾಡಿದರು.

"ಮಾಸ್ತರ, ಬಾ ಇಲ್ಲಿ. ದಿನಾ ಬರ್ತಿಯಲ್ಲ, ಆಟ ಗೊತ್ತದ ನಿನಗ. ಆ ಕಡಿ ನಿಂದರು."

ಅವರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಬಜಾರದ ಓಣಿಯಲ್ಲಿ ಅವರದೊಂದು ದರ್ಜಿ ಅಂಗಡಿ. ಹರೆಯದಲ್ಲಿ ಒಳ್ಳೆಯ ಆಟಗಾರರಾಗಿದ್ದರಂತೆ. ಮೊಣಕಾಲು ಕೈಕೊಟ್ಟ ಮೇಲೆ ಸೀಟಿ ಹಿಡಿದರು. ರಾಯಚೂರು, ದೇವದುರ್ಗ, ಮಾನ್ವಿ, ಎಲ್ಲಿ ಪಂದ್ಯ ನಡೆದರೂ ಆ ಎತ್ತರದ ಕುರ್ಚಿಯ ಮೇಲೆ ಅವರೇ. ಬಸ್ಸಿನ ಖರ್ಚು ಬಿಟ್ಟರೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹರಿದ ಚರ್ಮದ ಚೆಂಡುಗಳನ್ನು ಅಂಗಡಿಗೆ ತಂದು ತಾವೇ ಹೊಲಿದು ಕೊಡುತ್ತಿದ್ದರು.

ಆ ದಿನ ನಾನು ಮಾಡಿದ್ದೆಲ್ಲ ತಪ್ಪು. ಆಟಗಾರ ನೆಟ್ ಮುಟ್ಟಿ, ಇಳಿದು, ಬೆವರು ಒರೆಸಿಕೊಂಡ ಮೇಲೆ ನನ್ನ ಸೀಟಿ ಕೇಳುತ್ತಿತ್ತು. ಜನ ಬಿದ್ದು ಬಿದ್ದು ನಕ್ಕರು. ಪಂದ್ಯ ಮುಗಿದ ಮೇಲೆ ಚಾಚಾ ನನ್ನನ್ನು ಅಂಗಡಿಗೆ ಕರೆದೊಯ್ದು ಚಹಾ ತರಿಸಿದರು.

"ನಿನ್ನ ಸೀಟಿ ಮನಿಗ್ ಹೋಗಿ ಉಂಡು ಬರ್ತದಲ್ಲೋ ಮಾಸ್ತರ," ಎಂದರು.

ನಾನು ನಾಚಿಕೆಯಿಂದ ನನ್ನ ತಪ್ಪುಗಳನ್ನೆಲ್ಲ ಒಂದೊಂದಾಗಿ ಹೇಳತೊಡಗಿದೆ. ಸೀಟಿ ತಡ, ಕಣ್ಣು ಜನರ ಕಡೆ, ಆಟಗಾರ ಕೇಳಿದರೆ ಉದ್ದುದ್ದ ಉತ್ತರ, ನಿಂತ ನಿಲುವು ಸರಿಯಿಲ್ಲ. ಅವರು ಕೈ ಅಡ್ಡ ಹಿಡಿದರು.

"ಬಸ್, ಬಸ್. ಎಲ್ಲಾ ಒಮ್ಮಿಗೇ ನಕ್ಕೋ, ಬ್ಯಾಡ. ಒಂದು ವರ್ಷಕ್ಕ ಒಂದು ಐಬು ತೆಗಿ. ಈ ವರ್ಷ ಸೀಟಿ ನೋಡ್ಕೋ. ಉಳಿದದ್ದು ಮುಂದಿನ ವರ್ಷ. ನಾನೂ ಹಂಗಾ ಮಾಡೇನಿ."

ಹಾಗೆ ಶುರುವಾಯಿತು. ಸುಗ್ಗಿ ಮುಗಿದು ಪಂದ್ಯಗಳು ಆರಂಭವಾಗುವ ಮೊದಲು, ಪ್ರತಿ ವರ್ಷ, ಅವರ ಅಂಗಡಿಯ ಮಣೆಯ ಮೇಲೆ ಕೂತು ಇಬ್ಬರೂ ಆ ವರ್ಷದ ಐಬನ್ನು ಆರಿಸಿಕೊಳ್ಳುತ್ತಿದ್ದೆವು. ನನ್ನದನ್ನು ಅವರು ಹೇಳುತ್ತಿದ್ದರು, ತಮ್ಮದನ್ನು ತಾವೇ ಹೇಳಿಕೊಳ್ಳುತ್ತಿದ್ದರು. ಒಂದು ವರ್ಷ ಅವರು ಸಿಟ್ಟು ಬಿಡುತ್ತೇನೆ ಎಂದರು. ಇನ್ನೊಂದು ವರ್ಷ, ಪಂದ್ಯದ ಮೊದಲು ಯಾರ ಮನೆಯಲ್ಲೂ ಏನೂ ತಿನ್ನುವುದಿಲ್ಲ ಎಂದರು. ದೇವದುರ್ಗದಲ್ಲಿ ಪಂದ್ಯ ಏರ್ಪಡಿಸಿದವರು ತಟ್ಟೆ ತುಂಬ ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಂದು ಮುಂದಿಟ್ಟಾಗ, ಅದರ ಘಮ ಮೂಗಿಗೆ ಬಡಿಯುತ್ತಿರುವಾಗಲೂ, "ಸೀಟಿ ಊದಿದ ಮ್ಯಾಲ ತಿಂತೀನ್ರಿ, ಈಗ ಬ್ಯಾಡ," ಎಂದು ಮುಖ ತಿರುಗಿಸಿದ್ದರು. ಆಟ ಮುಗಿದ ಮೇಲೆ ಆರಿದ ಮಿರ್ಚಿಯನ್ನೇ ಸಂತೋಷದಿಂದ ತಿಂದರು.

ನನ್ನ ಸೀಟಿಯನ್ನು ಸರಿಪಡಿಸಿದವಳು ನನ್ನ ಹೆಂಡತಿ. ಅವಳು ಗೋಡೆಯ ಮೇಲಿನ ನಾಗೊಂದಿಗೆಯಿಂದ ನಿಂಬೆಹಣ್ಣು ಕೆಳಗೆ ಬಿಡುತ್ತಿದ್ದಳು, ಅದು ನೆಲ ಮುಟ್ಟಿದ ಕ್ಷಣದಲ್ಲೇ ನಾನು ಸೀಟಿ ಊದಬೇಕು. ಅವಳು ಬಿಡುವಂತೆ ಮಾಡಿ ಬಿಡದೆ ನನ್ನನ್ನು ಮೋಸಗೊಳಿಸುತ್ತಿದ್ದಳು. ಓಣಿಯವರು ಬೈಯುವುದೊಂದು ಬಾಕಿ.

"ಊರಾಗಿನ ನಾಯಿ ಎಲ್ಲಾ ನಮ್ಮ ಮನಿ ಮುಂದ ಬಂದು ನಿಂತಾವ ನೋಡ್ರಿ," ಎಂದು ಅವಳು ಬಾಗಿಲು ಹಾಕುತ್ತಿದ್ದಳು. ಬೇಸಿಗೆ ಬರುವ ಹೊತ್ತಿಗೆ ನಿಂಬೆಹಣ್ಣಿಗೂ ಸೀಟಿಗೂ ನಡುವೆ ಸಂದು ಉಳಿಯಲಿಲ್ಲ.

ಮರುವರ್ಷ ಜನರ ಕಡೆ ನೋಡುವುದನ್ನು ಬಿಟ್ಟೆ. ಅದರ ಮರುವರ್ಷ ಬಾಯಿ. ನಾನು ಮಾಸ್ತರ, ಯಾರಾದರೂ ಏಕೆ ಎಂದು ಕೇಳಿದರೆ ವಿವರಿಸದೆ ಇರಲಾರೆ. ಆಟಗಾರ ನೆಟ್ ಎಲ್ಲಿ ಮುಟ್ಟಿದ, ಯಾವ ಮೊಣಕೈ, ಯಾಕೆ ತಪ್ಪು ಎಂದು ಪಾಠ ಮಾಡಲು ನಿಲ್ಲುತ್ತಿದ್ದೆ. ಚಾಚಾ ಕುರ್ಚಿಯ ಮೇಲಿಂದಲೇ ಗದರಿದರು. "ಇದು ಸಾಲಿ ಅಲ್ಲ. ಸೀಟಿ ಊದು, ಕೈ ತೋರ್ಸು, ಸುಮ್ಮನಿರು." ಸುಮ್ಮನಿರುವುದನ್ನು ಕಲಿಯಲು ನನಗೆ ಒಂದು ವರ್ಷ ಸಾಲಲಿಲ್ಲ, ಎರಡು ಹಿಡಿಯಿತು. ಆದರೆ ಚೆನ್ನಾಗಿಯೇ ಕಲಿತೆ. ಬೇಕಾದದ್ದಕ್ಕಿಂತ ಚೆನ್ನಾಗಿ ಕಲಿತೆ ಎಂದು ಈಗ ಅನ್ನಿಸುತ್ತದೆ.

ಹೀಗೆ ಹತ್ತು ವರ್ಷದ ಮೇಲಾಯಿತು. ದೇವಸುಗೂರಿನ ಕಡೆ ವಿದ್ಯುತ್ ಸ್ಥಾವರದ ಚಿಮಣಿಗಳು ಏಳತೊಡಗಿದವು, ಅಲ್ಲಿ ಕೆಲಸಕ್ಕೆ ಬಂದವರದೂ ಒಂದು ತಂಡವಾಯಿತು. ಚಾಚಾರ ಗಡ್ಡ ಪೂರ್ತಿ ಬೆಳ್ಳಗಾಯಿತು. ನಾವಿಬ್ಬರೂ ಜೋಡಿ ಎಂದೇ ಹೆಸರಾದೆವು. ಮೇಲೆ ಚಾಚಾ, ಎದುರು ಬದಿಯಲ್ಲಿ ನೆಲದ ಮೇಲೆ ನಾನು. ನನ್ನ ಬಿಳಿ ಪ್ಯಾಂಟು, ಬಿಳಿ ಅಂಗಿ ಎಲ್ಲ ಅವರೇ ಹೊಲಿದದ್ದು.

ಮೊದಲ ಸಲ ನನಗೆ ಅನುಮಾನ ಬಂದದ್ದು ದೇವದುರ್ಗದಲ್ಲಿ. ಜೋರಾಗಿ ಹೊಡೆದ ಚೆಂಡು ಅವರ ಬಲಗಡೆಯ ಮೂಲೆಯಲ್ಲಿ, ಗೆರೆಯ ಒಳಗೇ ಬಿತ್ತು. ಚಾಚಾ ಹೊರಗೆ ಎಂದರು. ಹೊಡೆದವನು ಸುಮ್ಮನೆ ನಿಂತುಬಿಟ್ಟ. ಚಾಚಾ ಹೇಳಿದ ಮೇಲೆ ಯಾರೂ ಎದುರಾಡುತ್ತಿರಲಿಲ್ಲ, ಆಟ ಮುಂದೆ ಹೋಯಿತು. ಯಾರಿಗಾದರೂ ಒಮ್ಮೆ ಆಗುವ ತಪ್ಪು ಎಂದುಕೊಂಡೆ. ಆದರೆ ಆಮೇಲೆ ನಾನು ಬೇರೆ ಸಂಗತಿಗಳನ್ನೂ ಕಾಣತೊಡಗಿದೆ. ಬಸ್ ನಿಲ್ದಾಣದಲ್ಲಿ ಪಕ್ಕದಿಂದ ಬಂದ ಸೈಕಲ್ಲಿಗೆ ಅವರ ಭುಜ ತಾಗಿತು. ಅಂಗಡಿಯ ಬಾಗಿಲ ಚೌಕಟ್ಟಿಗೆ ಮೊಣಕೈ ಬಡಿಸಿಕೊಂಡರು. ಕೆಳಗಿಟ್ಟ ಚಹಾದ ಲೋಟವನ್ನು ಕಾಲಿನಿಂದ ಒದ್ದರು. ಅಷ್ಟಾಗಿಯೂ ಅದೇ ಮನುಷ್ಯ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು, ಕೋಟಿನ ಗುಂಡಿಯ ಮನೆಯನ್ನು ಕೂದಲೆಳೆಯಷ್ಟು ಸಣ್ಣ ಹೊಲಿಗೆಯಲ್ಲಿ ಮುಗಿಸುತ್ತಿದ್ದರು. ಅಂಥ ಕಣ್ಣಿಗೆ ಏನಾಗಿರಲು ಸಾಧ್ಯ? ವಯಸ್ಸು, ದಣಿವು, ಗಮನ ಬೇರೆಡೆ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಮಾಧಾನ ಹೇಳಿಕೊಂಡದ್ದು ಒಂದು ಕಡೆ, ಮಾಡಿದ್ದು ಇನ್ನೊಂದು. ನಾನು ಅವರಿಗೆ ಕೈಸನ್ನೆ ಮಾಡತೊಡಗಿದೆ. ನಮ್ಮ ಪಂದ್ಯಗಳಲ್ಲಿ ಗೆರೆ ಕಾಯಲು ನಿಲ್ಲಿಸಿದವರು ತಮ್ಮ ಊರಿನ ಪರವಾಗಿಯೇ ಬಾವುಟ ಎತ್ತುತ್ತಿದ್ದರು, ಅವರನ್ನು ನಂಬುವಂತಿರಲಿಲ್ಲ. ಚೆಂಡು ಒಳಗೆ ಬಿದ್ದರೆ ನಾನು ಬೆರಳುಗಳನ್ನು ನೇರ ಮಾಡಿ ತೊಡೆಗೆ ಒತ್ತಿಕೊಳ್ಳುತ್ತಿದ್ದೆ, ಹೊರಗೆ ಬಿದ್ದರೆ ಮುಷ್ಟಿ. ಇದನ್ನು ನಾವು ಮಾತಾಡಿಕೊಂಡಿರಲಿಲ್ಲ. ಆದರೆ ಕೆಲವು ವಾರಗಳಲ್ಲೇ ಚಾಚಾರ ಮುಖ ಸೀಟಿಗೆ ಮೊದಲು ನನ್ನ ಕಡೆ ತಿರುಗುವುದನ್ನು ಕಂಡೆ. ಅವರಿಗೂ ಗೊತ್ತಿದೆ, ಹೇಳಿಕೊಳ್ಳಲು ಇಷ್ಟವಿಲ್ಲ, ನಾನು ಅವರ ಮಾನ ಕಾಯುತ್ತಿದ್ದೇನೆ ಎಂದುಕೊಂಡೆ. ನನ್ನನ್ನು ಕೈಹಿಡಿದು ಮೇಲೆ ತಂದವರು ಈಗ ನನ್ನ ಕೈ ನೋಡಿ ತೀರ್ಪು ಕೊಡುತ್ತಿದ್ದಾರೆ. ಅದರಲ್ಲೊಂದು ಸುಖವಿತ್ತು. ಅದನ್ನು ನಾನು ಗುರುಭಕ್ತಿ ಎಂದು ಕರೆದುಕೊಂಡೆ.

ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

"ಹೇಳಿಬಿಡ್ರಿ ಅವ್ರಿಗೆ. ಕಣ್ಣು ತೋರಿಸ್ಕೊಳ್ಳಲಿ."

"ಹ್ಯಾಂಗ ಹೇಳಲಿ? ಕುರ್ಚಿ ಬಿಡ್ರಿ ಅಂದಂಗ ಆಗ್ತದ."

"ಕುರ್ಚಿ ಮಾತಲ್ಲರೀ, ಕಣ್ಣಿನ ಮಾತು," ಎಂದಳು ಅವಳು.

ಆ ವರ್ಷ ಪಂದ್ಯಗಳು ಶುರುವಾಗುವ ಮುನ್ನ ಎಂದಿನಂತೆ ಅಂಗಡಿಯಲ್ಲಿ ಕೂತೆವು. ಹೊರಗೆ ಬಿಸಿಲು ಇಳಿಯುತ್ತಿತ್ತು. ಚಾಚಾ ಯಾರದೋ ಮದುವೆಯ ಶೇರವಾನಿಗೆ ಕಾಲರ್ ಕೂಡಿಸುತ್ತಿದ್ದರು. ನನ್ನ ಐಬು ಹೇಳಿದರು, ನಿಲ್ಲುವಾಗ ಒಂದು ಕಾಲಿಗೆ ಭಾರ ಹಾಕುತ್ತೇನಂತೆ. ಆಮೇಲೆ ಹೊಲಿಗೆಯನ್ನು ತೊಡೆಯ ಮೇಲಿಟ್ಟು, ಎಂದೂ ಕೇಳದ್ದನ್ನು ಕೇಳಿದರು.

"ಈ ವರ್ಷ ನಂದು ನೀ ಹೇಳು ಮಾಸ್ತರ. ನಂದು ನನಗ ಕಾಣ್ಸವಲ್ದು. ಏನೋ ತಪ್ಪಾಕತ್ತದ, ಏನಂತ ತಿಳೀವಲ್ದು. ನೀ ಎದುರಿಗೆ ನಿಂತಿರ್ತಿ, ನಿನಗ ಗೊತ್ತಿರ್ತದ."

ಇದಕ್ಕಿಂತ ನೇರವಾಗಿ ಯಾರೂ ಯಾರನ್ನೂ ಕೇಳಲಾರರು. ಅವರ ಮುಖದಲ್ಲಿ ಅನುಮಾನವಿರಲಿಲ್ಲ, ಪರೀಕ್ಷೆ ಮಾಡುವ ಉದ್ದೇಶವೂ ಇರಲಿಲ್ಲ. ಮೈ ಸರಿಯಿಲ್ಲದವನು ಮನೆಯವರನ್ನು ಕೇಳುವಂತೆ ಕೇಳಿದ್ದರು.

"ನಿಮ್ಮ ಸೀಟಿ ಸ್ವಲ್ಪ ಸಣ್ಣಗಾಗ್ಯದ ಚಾಚಾ," ಎಂದೆ. "ಇನ್ನಷ್ಟು ಜೋರು ಊದ್ರಿ."

ಅವರು ನನ್ನ ಕಡೆ ಬಾಗಿದರು. "ಅಷ್ಟಾ?"

"ಅಷ್ಟಾ."

"ಹೌ. ಉಸಿರು ಕಮ್ಮಿ ಆಗ್ಯದ," ಎಂದು ಮತ್ತೆ ಸೂಜಿ ಹಿಡಿದರು. ಅವರ ಮುಖ ಹಗುರಾಯಿತು. ಆ ವರ್ಷವಿಡೀ ಅವರು ಕೆನ್ನೆ ಉಬ್ಬಿಸಿ, ಕತ್ತಿನ ನರ ಬಿಗಿದು, ಇಡೀ ಮೈದಾನ ಬೆಚ್ಚುವಂತೆ ಸೀಟಿ ಊದಿದರು. ಪ್ರತಿ ಸಲ ಊದಿದ ಮೇಲೆ ಸರಿಯಾಯಿತೇ ಎಂಬಂತೆ ನನ್ನ ಕಡೆ ನೋಡುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ. ಆ ಸೀಟಿಯ ಸದ್ದು ನನ್ನ ಎದೆಗೆ ಬಂದು ಕುಟ್ಟುತ್ತಿತ್ತು.

ಅದು ಮುಗಿದು ಇನ್ನೊಂದು ವರ್ಷ ಬಂತು. ಮಾನ್ವಿಯಲ್ಲಿ ಫೈನಲ್. ಒಂದು ಕಡೆ ಮಾನ್ವಿಯ ಹುಡುಗರು, ಇನ್ನೊಂದು ಕಡೆ ಗೂಗಲ್ ಎಂಬ ಹಳ್ಳಿಯವರು. ಗೂಗಲ್ಲಿನ ತಂಡದಲ್ಲಿ ಹೆಚ್ಚಿನವರು ಕುರಿ ಕಾಯುವ, ಹೊಳೆಯ ದಂಡೆಯಲ್ಲಿ ಹೊಲ ಮಾಡುವ ಮನೆಗಳವರು. ಬರಿಗಾಲಲ್ಲೇ ಆಡುತ್ತಿದ್ದರು. ಅವರ ಕ್ಯಾಪ್ಟನ್ ಕುರಿಗಾರರ ಮನೆಯ ಎತ್ತರದ ತರುಣ. ಅವನು ಜಿಗಿದರೆ ತಲೆ ನೆಟ್ಟಿನ ಮಟ್ಟಕ್ಕೆ ಬರುತ್ತಿತ್ತು, ಮಾತು ಮಾತ್ರ ಬಹಳ ಮೆತ್ತಗೆ. ಪಂದ್ಯದ ಮೊದಲು ಚಾಚಾರ ಕಾಲು ಮುಟ್ಟಿ ಹೋಗಿದ್ದ.

ಕೊನೆಯ ಆಟ ಸಮಸಮವಾಗಿ ನಡೆದಿತ್ತು. ಮೈದಾನದ ಸುತ್ತ ಕಾಲಿಡಲು ಜಾಗವಿಲ್ಲ, ಗೋಡೆಯ ಮೇಲೂ ಜನ. ಆ ಕ್ಯಾಪ್ಟನ್ ಜಿಗಿದು ಹೊಡೆದ ಚೆಂಡು ಎದುರಾಳಿಗಳ ಕೈ ತಪ್ಪಿಸಿ ಹಿಂದಿನ ಮೂಲೆಯಲ್ಲಿ, ಗೆರೆಯ ಒಳಗೆ ಬಿದ್ದು, ಅಲ್ಲಿ ಚೆಲ್ಲಿದ್ದ ಸುಣ್ಣದ ಪುಡಿಯನ್ನು ಎಬ್ಬಿಸಿತು. ಅದೇ ಹೊತ್ತಿಗೆ ತಡೆಯಲು ಜಿಗಿದಿದ್ದ ಮಾನ್ವಿಯ ಇಬ್ಬರು ಆಟಗಾರರು ಇಳಿಯುವಾಗ ಜೋಲಿ ತಪ್ಪಿ ನನ್ನ ಮೇಲೆ ಬಂದರು. ನಾನು ಹಿಂದಕ್ಕೆ ಹಾರಿದೆ. ನನ್ನ ಕೈ ಅವರ ಬೆನ್ನ ಹಿಂದೆ ಮರೆಯಾಯಿತು.

ಚಾಚಾ ನನ್ನನ್ನು ಹುಡುಕುವುದನ್ನು ಕಂಡೆ. ಕತ್ತು ಆ ಕಡೆ ಹೋಯಿತು, ಈ ಕಡೆ ಬಂತು. ಆಮೇಲೆ ಸೀಟಿ ಊದಿ ಎರಡೂ ಕೈ ಎತ್ತಿದರು. ಹೊರಗೆ.

ಗದ್ದಲವಾಗಬೇಕಿತ್ತು, ಆಗಲಿಲ್ಲ. ಮಾನ್ವಿಯ ಆಟಗಾರರೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅವರಲ್ಲೊಬ್ಬ ನಗೆ ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದ. ಗೂಗಲ್ಲಿನ ಕ್ಯಾಪ್ಟನ್ ಕುರ್ಚಿಯ ಬುಡಕ್ಕೆ ಬಂದ.

"ಯಪ್ಪಾ, ಸುಣ್ಣ ಹಾರ್ತಲ್ರಿ. ನಿಮಗ ಕಾಣ್ಲಿಲ್ಲೇನ್ರಿ?"

ಅವನು ಜಗಳಕ್ಕೆ ಕೇಳಿರಲಿಲ್ಲ. ನಿಜವಾಗಿಯೂ ಕೇಳಿದ್ದ. ಅಷ್ಟರಲ್ಲಿ ಗೋಡೆಯ ಮೇಲಿನಿಂದ ಯಾರೋ ಕೂಗಿದರು. "ಆ ಗಿಡ್ಡ ಅಂಪೈರನ ಕೈ ನೋಡಿ ಊದ್ತಾನ ಮುದುಕ! ನಾ ಆಗಿಂದ ನೋಡಾಕತ್ತೀನಿ! ಇಬ್ರೂ ಸೇರ್ಯಾರ!" ಆಗ ಗದ್ದಲ ಎದ್ದಿತು. ಏನು ತಿಂದಿರಿ, ಯಾರು ತಿನ್ನಿಸಿದರು ಎಂಬ ಕೂಗು. ಪಂದ್ಯದ ಮೊದಲು ಒಂದು ಮಿರ್ಚಿಯನ್ನೂ ಮುಟ್ಟದ ಮನುಷ್ಯ ಆ ಕುರ್ಚಿಯ ಮೇಲೆ ಕೂತು ಅದನ್ನು ಕೇಳಿಸಿಕೊಂಡರು.

ಚಾಚಾ ಕೈ ಎತ್ತಿ ಜನರನ್ನು ಸುಮ್ಮನಾಗಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ನನ್ನನ್ನು ಕೇಳಿದರು.

"ಮಾಸ್ತರ, ಎಲ್ಲಿ ಬಿತ್ತು?"

"ಒಳಗ, ಚಾಚಾ."

"ಎಷ್ಟು ಒಳಗ?"

ಈಗಲಾದರೂ ಸುಳ್ಳು ಹೇಳಿ ಗೆರೆಯ ಅಂಚಿಗೆ ಎನ್ನಬಹುದಿತ್ತು. "ಒಂದು ಮೊಳ," ಎಂದೆ.

ಅವರು ಇಡೀ ಮೈಯನ್ನೇ ತಿರುಗಿಸಿ ಆ ಮೂಲೆಯನ್ನು ನೋಡಿದರು. ನೆಲದ ಮೇಲಿನ ಗುರುತನ್ನು ಕಂಡರು. ಪಾಯಿಂಟನ್ನು ಗೂಗಲ್ಲಿಗೆ ಕೊಟ್ಟು, ಸೀಟಿಯನ್ನು ಕೊರಳಿಂದ ತೆಗೆದು ಕಿಸೆಗೆ ಹಾಕಿಕೊಂಡು, ಕುರ್ಚಿಯಿಂದ ಇಳಿಯತೊಡಗಿದರು. ಕೊನೆಯ ಮೆಟ್ಟಿಲು ಅವರ ಕಾಲಿಗೆ ಸಿಗಲಿಲ್ಲ. ಬೀಳುತ್ತಿದ್ದವರನ್ನು ಆ ಕ್ಯಾಪ್ಟನ್ ಹಿಡಿದುಕೊಂಡ.

"ನೀ ಹತ್ತು," ಎಂದರು ನನಗೆ. ಅಷ್ಟೇ.

ನಾನು ಹತ್ತಿದೆ. ಮಿಕ್ಕ ಆಟವನ್ನು ಮುಗಿಸಿದೆ. ಅದರಲ್ಲಿ ಒಂದು ತಪ್ಪನ್ನೂ ಮಾಡಲಿಲ್ಲ, ನನ್ನ ಅಷ್ಟೂ ವರ್ಷಗಳ ಕಲಿಕೆ ಆ ಸಂಜೆ ಕೈಬಿಡಲಿಲ್ಲ. ಗೂಗಲ್ಲಿನವರೇ ಗೆದ್ದರು. ಆದರೆ ಜನರ ಬಾಯಲ್ಲಿ ಅದು ಕೊಂಡುಕೊಂಡ ಗೆಲುವಾಗಿತ್ತು. ಬಹುಮಾನದ ಢಾಲು ಹಿಡಿದು ಮೈದಾನ ಸುತ್ತಬೇಕಿದ್ದ ಹುಡುಗರು ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಅವಸರವಾಗಿ ಲಾರಿ ಹತ್ತಿದರು. ಅವರ ಸಂತೋಷವನ್ನೂ ನಾನೇ ಕಸಿದಿದ್ದೆ.

ರಾಯಚೂರಿನ ಬಸ್ಸಿನಲ್ಲಿ ಚಾಚಾ ಕಿಟಕಿಯ ಪಕ್ಕ ಕೂತರು. ಬಸ್ಸು ಕಲ್ಲೂರು ದಾಟಿತು. ಎರಡೂ ಬದಿಗೆ ಹತ್ತಿಯ ಹೊಲಗಳು ಕಪ್ಪಾಗುತ್ತಿದ್ದವು.

"ಎಷ್ಟು ದಿನ ಆತು?" ಎಂದರು, ಹೊರಗೆ ನೋಡುತ್ತಲೇ.

"ಎರಡು ವರ್ಷ ಆಗಿರ್ಬೇಕು ಚಾಚಾ. ನಿಮಗೂ ಗೊತ್ತದ ಅಂದ್ಕೊಂಡಿದ್ದೆ. ನನ್ನ ಕೈ ನೋಡ್ತಿದ್ರಲ್ಲ."

"ಡೌಟ್ ಬಂದಾಗ ನೋಡ್ತಿದ್ದೆ. ಅಂಪೈರನ್ನ ನೋಡೋದು ತಪ್ಪೇನು? ನಾನೂ ನೀನೂ ಒಂದಾ ಹೇಳಾಕತ್ತೀವಿ, ನನ್ನ ಶಾಗಿರ್ದ ತಯಾರಾದ ಅಂತ ಖುಷಿ ಇತ್ತು." ಕಿಟಕಿಯಿಂದ ನನ್ನ ಕಡೆ ಮುಖ ತಿರುಗಿಸಿದರು. "ಡೌಟ್ ಯಾಕ ಇಷ್ಟು ಬರ್ತದ ಅಂತ ಯೋಚ್ನಿ ಮಾಡ್ಲಿಲ್ಲ. ಅದು ನಂದು. ಆದ್ರ ಮಾಸ್ತರ, ನಾ ಕೇಳಿದ್ನಲ್ಲ ನಿನ್ನ. ಬಾಯಿ ಬಿಟ್ಟು ಕೇಳಿದ್ನಲ್ಲ."

ಬಸ್ಸಿನ ಕಂಡಕ್ಟರ್ ಟಿಕೆಟ್ ಎನ್ನುತ್ತ ಬಂದ. ಚಾಚಾ ಇಬ್ಬರದನ್ನೂ ತಾವೇ ತೆಗೆಸಿದರು. ಅದೂ ನನ್ನನ್ನು ಚುಚ್ಚಿತು.

ಮರುದಿನ ಶಾಲೆಗೆ ರಜೆ ಹಾಕಿ ಅವರನ್ನೂ ಚಾಚಿಯನ್ನೂ ಕರೆದುಕೊಂಡು ಕಣ್ಣಿನ ಡಾಕ್ಟರರ ಬಳಿ ಹೋದೆ. ಚಾಚಿ ಎಂದರೆ ಚಾಚಾರ ಹೆಂಡತಿ. ಮನೆಯಲ್ಲಿ ದಖನಿ ಮಾತಾಡುವ, ಹೊರಗೆ ಬಂದರೆ ಕನ್ನಡವನ್ನು ಅಳೆದು ಅಳೆದು ಆಡುವ ಹೆಂಗಸು. ಕಣ್ಣಿಗೆ ಪೊರೆ ಬಂದಿರಬೇಕು, ತೆಗೆಸಿದರೆ ಸರಿಹೋಗುತ್ತದೆ ಎಂದು ದಾರಿಯುದ್ದಕ್ಕೂ ನಾವು ಮಾತಾಡಿಕೊಂಡೆವು. ಡಾಕ್ಟರ್ ಚಾಚಾರಿಗೆ ತಮ್ಮ ಮೂಗನ್ನೇ ನೋಡುತ್ತಿರಲು ಹೇಳಿ, ಎರಡೂ ಬದಿಗಳಲ್ಲಿ ಬೆರಳು ಆಡಿಸಿದರು. "ಕಾಣಿಸಿದಾಗ ಹೇಳಿ," ಎಂದರು. ಬೆರಳು ಕಿವಿಯ ಹತ್ತಿರದಿಂದ ಕೆನ್ನೆಗೆ, ಕೆನ್ನೆಯಿಂದ ಮೂಗಿನ ಹತ್ತಿರಕ್ಕೆ ಬಂತು. ಚಾಚಾ ಸುಮ್ಮನೇ ಕೂತಿದ್ದರು. ನಾನು ಗೋಡೆಗೆ ಒರಗಿ ನಿಂತು ಆ ಬೆರಳನ್ನು ನೋಡುತ್ತಿದ್ದೆ. ಕಾಣಿಸಿತು ಎನ್ನಿ, ಈಗಲಾದರೂ ಕಾಣಿಸಿತು ಎನ್ನಿ ಎಂದು ಒಳಗೇ ಬೇಡುತ್ತಿದ್ದೆ.

ಪೊರೆಯಲ್ಲ. ಕಣ್ಣಿನ ಒಳಗಿನ ಒತ್ತಡ ಏರಿ ನರ ಒಣಗುವ ರೋಗ. ಕಾಲಾ ಮೋತಿಯಾ ಎನ್ನುತ್ತಾರಲ್ಲ, ಅದು. ನೋವಿಲ್ಲ, ಕೆಂಪಾಗುವುದಿಲ್ಲ. ನೋಟ ಅಂಚಿನಿಂದ ಒಳಕ್ಕೆ ಸವೆಯುತ್ತ ಬರುತ್ತದೆ, ನಡುವಿನದು ಕೊನೆಗೆ ಹೋಗುತ್ತದೆ. ಅದಕ್ಕೇ ಸೂಜಿ ಕಾಣುತ್ತದೆ, ಪಕ್ಕದ ಸೈಕಲ್ ಕಾಣುವುದಿಲ್ಲ. "ಹೋದದ್ದು ಹೋಯಿತು," ಎಂದರು ಡಾಕ್ಟರ್. "ಇದ್ದುದನ್ನು ಉಳಿಸಿಕೊಳ್ಳಲು ಹನಿ ಔಷಧಿ ಕೊಡುತ್ತೇನೆ. ಒಂದೆರಡು ವರ್ಷ ಮೊದಲೇ ಬಂದಿದ್ದರೆ ಬಹಳಷ್ಟು ಉಳಿಯುತ್ತಿತ್ತು. ಮನೆಯವರಿಗೆ ಯಾರಿಗೂ ಗೊತ್ತಾಗಲಿಲ್ಲವೇ?"

ಹೊರಗೆ ಬೆಂಚಿನ ಮೇಲೆ ಚಾಚಿ ಅಳುತ್ತಿದ್ದರು. "ತಾಟಿನ ಬಾಜು ಇಟ್ಟ ನೀರು ದಿನಾ ಚೆಲ್ತಿದ್ರು. ನಾ ಬೈತಿದ್ದೆ. ಆಂಖ್ ಕಾಣಲ್ಲ ಕ್ಯಾ ಅಂತ ಬೈತಿದ್ದೆ. ನನಗ ತಿಳೀಲಿಲ್ಲ ಮಾಸ್ತರ."

ಅವರು ತಮ್ಮ ಮೇಲೆ ಹೊತ್ತುಕೊಳ್ಳುತ್ತಿದ್ದ ಭಾರ ನನ್ನದು. ಅದನ್ನು ಹಾಗೆಯೇ ಅವರಿಗೆ ಬಿಟ್ಟು ಎದ್ದುಬರುವುದು ಆಗಲಿಲ್ಲ.

"ನನಗ ತಿಳಿದಿತ್ತು ಚಾಚಿ," ಎಂದೆ. "ಎರಡು ವರ್ಷದಿಂದ."

ಅವರು ಸೆರಗಿನಿಂದ ಮುಖ ತೆಗೆದು ನೋಡಿದರು. "ತುಮನಾ ಮಾಲೂಮ್ ಥಾ?" ನಿನಗೆ ಗೊತ್ತಿತ್ತೇ ಎಂಬ ಆ ಒಂದೇ ಮಾತು. ನಾನು ತಲೆಯಾಡಿಸಿದೆ. ಅವರು ಎದ್ದು, ಚಾಚಾರ ತೋಳು ಹಿಡಿದು, ನನ್ನನ್ನು ಅಲ್ಲೇ ಬಿಟ್ಟು ಟಾಂಗಾ ಹತ್ತಿದರು.

ಅದಾದ ಮೇಲೆ ನಾನು ಅವರ ಮನೆಗೆ ಹೋದರೆ ಚಾಚಿ ಒಳಗೆ ಎದ್ದು ಹೋಗುತ್ತಿದ್ದರು. ಚಹಾ ಬರುತ್ತಿರಲಿಲ್ಲ. ಚಾಚಾ ಮಾತಾಡಿಸುತ್ತಿದ್ದರು. ಪಂದ್ಯಗಳ ಸುದ್ದಿ ಕೇಳುತ್ತಿದ್ದರು. ನಾನು ಸೀಟಿ ಬಿಡುತ್ತೇನೆ ಎಂದಾಗ ಸಿಟ್ಟಾದರು.

"ನನ್ನ ಕಣ್ಣೂ ಹೋಗಿ, ನಿನ್ನ ಸೀಟಿನೂ ಹೋದ್ರ ಯಾರಿಗೆ ಲಾಭ? ಹೋಗು, ಕುರ್ಚಿ ಹತ್ತು."

ಹತ್ತಿದೆ. ಆ ವರ್ಷ ನಾನು ಯಾರನ್ನೂ ಕೇಳದೆ ನನಗೆ ನಾನೇ ಒಂದು ಗುರಿ ಹಾಕಿಕೊಂಡೆ. ಕಂಡದ್ದನ್ನು ಕಂಡ ಕೂಡಲೇ ಹೇಳಿಬಿಡುವುದು. ಅದನ್ನೂ ಕೆಡಿಸಿದೆ. ದೇವದುರ್ಗದಲ್ಲಿ ನನ್ನೆದುರು ಅಂಪೈರಾಗಿ ನಿಂತಿದ್ದ, ನನಗಿಂತ ಹಿರಿಯ ಮಾಸ್ತರರೊಬ್ಬರು ನೆಟ್ ಮುಟ್ಟಿದ್ದನ್ನು ಎರಡು ಸಲ ಬಿಟ್ಟರು. ನಾನು ಆಟ ನಿಲ್ಲಿಸಿ, ಕುರ್ಚಿಯ ಮೇಲಿಂದ, ಎಲ್ಲರ ಮುಂದೆ, "ಸರ, ನಿಮ್ಮ ಕಣ್ಣು ತೋರಿಸ್ಕೋರಿ," ಎಂದೆ. ಜನ ನಕ್ಕರು. ಅವರು ಆಟ ಮುಗಿಸಿದರು, ಊಟಕ್ಕೆ ನಿಲ್ಲಲಿಲ್ಲ, ಮತ್ತೆಂದೂ ಪಂದ್ಯಕ್ಕೆ ಬರಲಿಲ್ಲ. ಅವರ ಕಣ್ಣು ಚೆನ್ನಾಗಿಯೇ ಇತ್ತು, ಆ ದಿನ ಮನೆಯಲ್ಲಿ ಮಗುವಿಗೆ ಜ್ವರವಿತ್ತು ಎಂದು ಆಮೇಲೆ ತಿಳಿಯಿತು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, "ಆತು ಬಿಡ್ರಿ," ಎಂದು ಒಳಗೆ ಹೋದರು.

ಚಾಚಾರಿಗೆ ಇದನ್ನು ಹೇಳಿದಾಗ ಅವರು ತಲೆ ಚಚ್ಚಿಕೊಂಡರು. "ಹೇಳೋದು ಬ್ಯಾರೆ, ಒದರೋದು ಬ್ಯಾರೆ ಮಾಸ್ತರ. ಹಿಂಗ ಬಾಜೂಕ ಕರ್ದು, ಕೂಡ್ಸಿ, ಹೇಳ್ಬೇಕು. ಅಷ್ಟಾ ಕೆಲ್ಸ." ಅಷ್ಟೇ ಕೆಲಸ. ಅದನ್ನು ನಾನು ಎರಡು ವರ್ಷದಲ್ಲಿ ಒಂದು ಸಲವೂ ಮಾಡಿರಲಿಲ್ಲ.

ಹನಿ ಔಷಧಿಯಿಂದ ಅವರ ಎಡಗಣ್ಣಿನ ನೋಟ ಇದ್ದಷ್ಟು ಉಳಿಯಿತು, ಬಲಗಣ್ಣು ಪೂರ್ತಿ ಹೋಯಿತು. ಗುಂಡಿ ಹಚ್ಚುವುದು, ಕಾಜಾ ಮಾಡುವುದು ಅವರೇ ಮಾಡುತ್ತಿದ್ದರು, ಅಳತೆ ತೆಗೆಯುವುದು, ಕತ್ತರಿಸುವುದು ಮಗನ ಪಾಲಿಗೆ ಹೋಯಿತು. ಶುಕ್ರವಾರ ಮಸೀದಿಗೆ ಹೋಗುವಾಗ ಮಗನ ಭುಜದ ಮೇಲೆ ಕೈಯಿಟ್ಟು ನಡೆಯುತ್ತಿದ್ದರು. ಎದುರಿಗೆ ಬಂದವರು ಸಲಾಂ ಎಂದರೆ ದನಿ ಬಂದ ಕಡೆಗೆ ಮುಖ ತಿರುಗಿಸಿ, ಹುಡುಕಿ, ಕಂಡ ಮೇಲೆ ನಗುತ್ತಿದ್ದರು. ಆ ಹುಡುಕುವ ಒಂದು ಗಳಿಗೆಯನ್ನು ನೋಡುವುದು ನನಗೆ ಆಗುತ್ತಿರಲಿಲ್ಲ. ನಾನು ಓಣಿಯಲ್ಲಿ ಕಂಡರೆ ನೇರ ಅವರ ಮುಂದೆಯೇ ಹೋಗಿ ನಿಲ್ಲುತ್ತಿದ್ದೆ.

ತಿಂಗಳಿಗೊಮ್ಮೆ ಡಾಕ್ಟರರಲ್ಲಿಗೆ ನಾನೇ ಕರೆದೊಯ್ಯುತ್ತಿದ್ದೆ. ಚಾಚಿ ಅದಕ್ಕೆ ಅಡ್ಡಿ ಮಾಡಲಿಲ್ಲ, ಮಾತೂ ಆಡಲಿಲ್ಲ. ನಾನು ಬರುವ ಹೊತ್ತಿಗೆ ಚಾಚಾರ ಚಪ್ಪಲಿಯನ್ನು ಹೊಸ್ತಿಲ ಬಳಿ ನೇರ ಮಾಡಿ ಇಟ್ಟಿರುತ್ತಿದ್ದರು.

ಮಾನ್ವಿಯ ಆ ಫೈನಲ್ ಆದ ಮೇಲಿನ ನಾಲ್ಕನೆಯದೋ ಐದನೆಯದೋ ರಂಜಾನ್ ಹಬ್ಬಕ್ಕೆ ಹೀಗಾಯಿತು. ನಾನು ಹಬ್ಬದ ಮುಬಾರಕ್ ಹೇಳಿ, ಎಂದಿನಂತೆ ಹೊರಗಿನ ಕೋಣೆಯಲ್ಲೇ ಚಾಚಾರ ಜೊತೆ ಸ್ವಲ್ಪ ಹೊತ್ತು ಕೂತು ಏಳುತ್ತಿದ್ದೆ. ಒಳಗಿನ ಪರದೆ ಸರಿಸಿ ಚಾಚಿ ಬಂದರು. ಕೈಯಲ್ಲಿ ಸುರಕುಂಬಾ ತುಂಬಿದ ಬಟ್ಟಲು. ಶಾವಿಗೆ, ಹಾಲು, ಖಜೂರದ ಬಿಸಿ ಹಬೆ ಏಳುತ್ತಿತ್ತು.

"ಕೂಡು," ಎಂದರು.

ಕೂತೆ. ಬಟ್ಟಲನ್ನು ನನ್ನ ಕೈಗೆ ಕೊಟ್ಟರು.

"ಮರ್ತಿಲ್ಲ ನಾ," ಎಂದರು ಚಾಚಿ. "ಮರಿಯಾಂಗಿಲ್ಲ. ಹಬ್ಬದ ದಿನ ಬಾಯಿ ಕಹಿ ಮಾಡ್ಕೊಂಡು ಹೋಗಬ್ಯಾಡ. ಕುಡಿ."

ಚಾಚಾ ಪಕ್ಕದಲ್ಲಿ ಕೂತು ಟೋಪಿಯನ್ನು ತೊಡೆಯ ಮೇಲಿಟ್ಟು ಅದರ ಅಂಚನ್ನು ಬೆರಳಿನಿಂದ ಸವರುತ್ತಿದ್ದರು. ಸುರಕುಂಬಾ ಬಹಳ ಸಿಹಿಯಾಗಿತ್ತು, ಒಂದೊಂದೇ ಗುಟುಕು ಕುಡಿದೆ. ಚಾಚಿ ಅಲ್ಲೇ ನಿಂತು, ನಾನು ಬಟ್ಟಲು ಬರಿದು ಮಾಡುವವರೆಗೆ ಕಾದು, ಅದನ್ನು ತೆಗೆದುಕೊಂಡು ಒಳಗೆ ಹೋದರು.